ಬಿಜಾಪುರದ ಬಿಸಿಲಲ್ಲಿ ನಾಯಿ ಜೊತೆ ವಾಕಿಂಗ್: ಆರೋಗ್ಯಕ್ಕೆ ನಿಜವಾಗಲೂ ಒಳ್ಳೇದಾ?

ಗುಮ್ಮಟದ ನೆರಳು
ಎಲ್ಲರಿಗೂ ನಮಸ್ಕಾರ. ವಿಜಯಪುರದವಳು, ಆಶ್ರಮ ರಸ್ತೆ ಕಡೆ ಮನೆ. ಶುಗರ್ ಬಾರ್ಡರ್‌ನಲ್ಲಿದೆ, ದಿನಾ ಚುರುಕಾಗಿ ನಡೀರಿ ಅಂತ ಡಾಕ್ಟರ್ ಹೇಳಿದ್ದಾರೆ. ಶೂ ತಂದದ್ದಾಯಿತು, ಕೈಗೆ ಸ್ಮಾರ್ಟ್ ವಾಚ್ ಕಟ್ಟಿದ್ದೂ ಆಯಿತು. ಕೆಲವು ದಿನ ಹೋಗುತ್ತೇನೆ. ಆಮೇಲೆ ನೀರು ಬಂತು, ನೆಂಟರು ಬಂದರು, ಮಗನ ಪರೀಕ್ಷೆ ಬಂತು ಅಂತ ನಿಂತುಹೋಗುತ್ತದೆ.

ಈಗ ಮಗ ನಾಯಿ ಬೇಕು ಅಂತ ಹಟ ಹಿಡಿದಿದ್ದಾನೆ. "ನಾಯಿ ಇದ್ದರೆ ನೀನು ದಿನಾ ಹೋಗಲೇಬೇಕು ಅಮ್ಮಾ" ಅನ್ನೋದು ಅವನ ವಾದ. ನಮ್ಮವರು ಸುತರಾಂ ಒಪ್ಪುತ್ತಿಲ್ಲ. ಕೊನೆಗೆ ಎರಡು ಜೀವ ನೋಡಿಕೊಳ್ಳಬೇಕಾದವಳು ನಾನೇ ಅಂತ ಅವರ ಮಾತು (ಎರಡನೇದು ಮಗನೋ ಅವರೋ ಅಂತ ಹೇಳಲಿಲ್ಲ).

ನಾಯಿ ಜೊತೆ ನಡೆದರೆ ಆರೋಗ್ಯ ಸುಧಾರಿಸುತ್ತದೆ ಅನ್ನೋದು ನಿಜವಾ, ಅಥವಾ ವಾಟ್ಸಾಪ್ ಜ್ಞಾನವಾ? ನಮ್ಮೂರ ಏಪ್ರಿಲ್, ಮೇ ಬಿಸಿಲಿಗೆ ನಾಯಿ ಕರೆದುಕೊಂಡು ಹೋಗೋದು ಎಲ್ಲಿಗೆ, ಯಾವಾಗ? ಸಾಕಿದವರು ಹೇಳಿ.

ಬಿಳಿಜೋಳ
ಬಾಗಲಕೋಟೆ ನವನಗರದಿಂದ. ಕಣ್ಣು ಮುಚ್ಚಿ ಸಾಕಿ. ನಮ್ಮ ಮನೆಯಲ್ಲಿ ಲ್ಯಾಬ್ರಡಾರ್ ಇದೆ. ಬೆಳಿಗ್ಗೆ ಐದಕ್ಕೆ ಒದ್ದೆ ಮೂಗು ತಂದು ನನ್ನ ಕೆನ್ನೆಗೆ ಒತ್ತುತ್ತಾಳೆ. ಏಳಲಿಲ್ಲ ಅಂದರೆ ಹೊದಿಕೆ ಎಳೀತಾಳೆ. ಅದಕ್ಕೂ ಏಳಲಿಲ್ಲ ಅಂದರೆ ಚಪ್ಪಲಿ ಕಚ್ಚಿಕೊಂಡು ಬಂದು ಎದೆ ಮೇಲೆ ಹಾಕುತ್ತಾಳೆ. ಅಲಾರಂ ಬಂದ್ ಮಾಡಬಹುದು, ಇವಳನ್ನು ಮಾಡೋಕಾಗಲ್ಲ. ನನ್ನ ಬಿಪಿ ಹತೋಟಿಗೆ ಬಂದಿದೆ, ತೂಕ ಇಳಿದಿದೆ. ಇನ್ನೇನು ಬೇಕು?

ಲೆಕ್ಕದ ಮೇಷ್ಟ್ರು
ಬಿಳಿಜೋಳ ಅವರೇ, ಬಿಪಿ ಇಳಿದದ್ದು ನಾಯಿಯಿಂದಲೋ, ನಡಿಗೆಯಿಂದಲೋ, ಮಾತ್ರೆಯಿಂದಲೋ? ಮೂರನ್ನೂ ಒಟ್ಟಿಗೆ ಶುರು ಮಾಡಿದ್ದರೆ ಹೇಗೆ ಹೇಳೋದು?

ಗುಮ್ಮಟದ ನೆರಳು ಅವರಿಗೆ: ಇದು ಪೂರ್ತಿ ವಾಟ್ಸಾಪ್ ಜ್ಞಾನ ಅಲ್ಲ. 2017ರಲ್ಲಿ ಸ್ವೀಡನ್‌ನಲ್ಲಿ ಸುಮಾರು 34 ಲಕ್ಷ ಜನರ 12 ವರ್ಷದ ದಾಖಲೆ ನೋಡಿದರು. ಒಂಟಿಯಾಗಿ ಇರುವವರಲ್ಲಿ ನಾಯಿ ಸಾಕಿದವರಿಗೆ ಸಾವಿನ ಅಪಾಯ ಶೇ. 33ರಷ್ಟು ಕಡಿಮೆ ಇತ್ತು. 2019ರಲ್ಲಿ ಇಂಗ್ಲೆಂಡಿನ ಒಂದು ಅಧ್ಯಯನ ಬಂತು. ವಾರಕ್ಕೆ 150 ನಿಮಿಷದ ವ್ಯಾಯಾಮದ ಗುರಿ ಮುಟ್ಟುವ ಸಾಧ್ಯತೆ ನಾಯಿ ಸಾಕಿದವರಲ್ಲಿ ನಾಲ್ಕು ಪಟ್ಟು ಜಾಸ್ತಿ ಕಂಡಿತು.

ಆದರೆ ಇಲ್ಲೇ ಜನ ಎಡವುತ್ತಾರೆ. ನಾಯಿ ಸಾಕಿದ್ದಕ್ಕೆ ಆರೋಗ್ಯವಂತರಾದರೋ, ಆರೋಗ್ಯ ಗಟ್ಟಿ ಇದ್ದವರೇ ನಾಯಿ ಸಾಕಿದರೋ? ಮಂಡಿ ನೋವಿನವರು ಯಾರೂ ನಾಯಿ ತರಲ್ಲ, ಅಲ್ವಾ? ಸ್ವೀಡನ್‌ನವರೇ ಈ ಅನುಮಾನ ಬರೆದಿದ್ದಾರೆ. ಅಮೆರಿಕದ ಹೃದಯ ಸಂಘ 2013ರಲ್ಲೇ ಹೇಳಿತ್ತು: ನಾಯಿಯಿಂದ ಹೃದಯಕ್ಕೆ ಲಾಭ ಇರಬಹುದು, ಆದರೆ ಹೃದಯದ ಸಲುವಾಗಿಯೇ ಅಂತ ನಾಯಿ ತರಬೇಡಿ.

ಬಿಳಿಜೋಳ
ಮೇಷ್ಟ್ರೇ, ಸ್ವೀಡನ್ ಅಲ್ಲೇ ಇರಲಿ. ಮೊದಲು ಏಳ್ತಾ ಇದ್ದದ್ದು ಏಳೂವರೆಗೆ, ಈಗ ಐದಕ್ಕೆ. ಇದಕ್ಕೆ ಯಾವ ಲೆಕ್ಕ ಬೇಕು ನಿಮಗೆ?

ಕುಂದಾ ಪ್ರೇಮಿ
ಬೆಳಗಾವಿಯಿಂದ. ನಾನು ದಿನಾ ವ್ಯಾಕ್ಸಿನ್ ಡಿಪೋ ಮೈದಾನಕ್ಕೆ ಹೋಗುವವಳು. ನಾಯಿ ಕರೆತರುವ ಮಂದಿಯನ್ನು ಅಲ್ಲಿ ಬೇಕಾದಷ್ಟು ನೋಡಿದ್ದೇನೆ. ಅರ್ಧ ಜನ ನಡೆಯೋದೇ ಇಲ್ಲ, ನಿಂತಿರುತ್ತಾರೆ! ನಾಯಿ ಒಂದು ಮರ ಮೂಸುತ್ತದೆ, ಇವರು ಮೊಬೈಲ್ ನೋಡುತ್ತಾರೆ. ಇನ್ನೊಂದು ಮರ, ಇನ್ನೊಂದು ರೀಲ್ಸ್. ಒಂದು ಗಂಟೆ ವಾಕಿಂಗ್ ಮಾಡಿ ಬಂದೆ ಅಂತ ಮನೆಯಲ್ಲಿ ಹೇಳಿಕೊಳ್ಳೋದು ಬೇರೆ.

ಶುಗರ್‌ಗೆ ಬೇಕಾದದ್ದು ಚುರುಕು ನಡಿಗೆ. ನಡೆಯುವಾಗ ಮಾತಾಡೋಕೆ ಬರಬೇಕು, ಹಾಡೋಕೆ ಬರಬಾರದು. ಅದೇ ಅಳತೆ. ನಾಯಿ ಜೊತೆ ಹೋದರೆ ನೀವು ಆರಾಮಾಗಿ ಎರಡು ಕೀರ್ತನೆ ಮುಗಿಸುತ್ತೀರಿ.

ದನದ ಡಾಕ್ಟ್ರು
ಕುಂದಾ ಪ್ರೇಮಿ ಹೇಳಿದ್ದರಲ್ಲಿ ಅರ್ಧ ಸರಿ. ಮೂಸೋದು ನಾಯಿಗೆ ಕೆಲಸ ಇಲ್ಲದೆ ಮಾಡುವ ಕೆಲಸ ಅಲ್ಲ. ಊರಿನ ಸುದ್ದಿಯನ್ನೆಲ್ಲ ಅದು ತಿಳಿಯೋದೇ ಮೂಗಿನಿಂದ. ಅದನ್ನು ತಪ್ಪಿಸಿ ಎಳೆದುಕೊಂಡು ಓಡಿದರೆ ಮನೆಗೆ ಬಂದು ಸೋಫಾ ಹರಿಯುತ್ತದೆ. ಮೊದಲ ಹತ್ತು ನಿಮಿಷ ಅದಕ್ಕೆ ಬಿಡಿ. ಎಲ್ಲ ಮುಗಿಸಿಕೊಳ್ಳಲಿ. ಆಮೇಲೆ ಹಗ್ಗ ಗಿಡ್ಡ ಹಿಡಿದು ಚುರುಕಾಗಿ ನಡೆಯಿರಿ. ಕೆಲವೇ ದಿನಗಳಲ್ಲಿ ಅದಕ್ಕೂ ರೂಢಿ ಆಗುತ್ತದೆ.

ಇನ್ನು ಬಿಸಿಲು. ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಬೇಸಿಗೆಯಲ್ಲಿ ನನ್ನ ಟೇಬಲ್ ಮೇಲೆ ಬರುವ ನಾಯಿಗಳಲ್ಲಿ ವಾಕಿಂಗ್‌ನಿಂದ ನೇರ ಬಂದವೂ ಇರುತ್ತವೆ. ನಮಗೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಬೆವರು ಪಾದದಲ್ಲಿ ಮಾತ್ರ, ಅದೂ ಚೂರು. ಅದು ಮೈ ತಂಪು ಮಾಡಿಕೊಳ್ಳೋದು ನಾಲಿಗೆ ಚಾಚಿ ಏದುಸಿರು ಬಿಟ್ಟು. ಗಾಳಿಯೇ 40 ಡಿಗ್ರಿ ದಾಟಿದ ಮೇಲೆ ಏದುಸಿರು ಬಿಟ್ಟು ಎಷ್ಟು ತಂಪಾದೀತು? ಅದರ ಮಾಮೂಲಿ ಮೈಬಿಸಿಯೇ 38ರಿಂದ 39 ಡಿಗ್ರಿ. 41 ದಾಟಿದರೆ ಜೀವಕ್ಕೇ ಅಪಾಯ. ಅದರ ಮೇಲೆ ನಾಯಿಗೆ "ಸಾಕು" ಅನ್ನೋದು ಗೊತ್ತಿಲ್ಲ. ನೀವು ನಡೆಯುತ್ತಿದ್ದೀರಿ ಅಂತ ಅದೂ ನಡೆಯುತ್ತದೆ, ಬೀಳುವ ತನಕ.

ಡಾಂಬರ್ ಮೇಲೆ ಅಂಗೈ ಹಿಂಭಾಗ ಇಡಿ. ಏಳು ಎಣಿಸುವ ತನಕ ಇಡೋಕಾಗಲಿಲ್ಲ ಅಂದರೆ ನಾಯಿ ಕಾಲಿಗೂ ಆಗಲ್ಲ. ಸಂಜೆ ತಂಪಾಯಿತು ಅಂತ ಆರಕ್ಕೇ ಹೊರಡುತ್ತಾರೆ. ಗಾಳಿ ತಂಪಾಗಿರುತ್ತದೆ, ರಸ್ತೆ ಆಗಿರಲ್ಲ. ಬೇಸಿಗೆಯಲ್ಲಿ ವಿಜಯಪುರದವರಿಗೆ ಬೆಳಗಿನ ಐದೂವರೆಯಿಂದ ಏಳು, ಅಷ್ಟೇ. ನೀರಿನ ಬಾಟಲಿ ನಿಮಗೊಂದೇ ಸಾಲದು.

ನಾಯಿ ತೂರಾಡಿತು, ಜೊಲ್ಲು ಅಂಟಂಟಾಯಿತು, ಒಸಡು ಕೆಂಪಗಾಯಿತು ಅಂದರೆ ನೆರಳಿಗೆ ಒಯ್ಯಿರಿ. ಮೈಮೇಲೆ ಸಾದಾ ನೀರು ಸುರಿದು ಗಾಳಿ ಹಾಕಿ. ಹಾಕುತ್ತಲೇ ಡಾಕ್ಟರ ಹತ್ತಿರ ಹೊರಡಿ.

ಮುಧೋಳದ ಅಳಿಯ
ಡಾಕ್ಟ್ರು ಹೇಳಿದ್ದು ನೂರಕ್ಕೆ ನೂರು. ಅದಕ್ಕೇ ಹೇಳೋದು, ನಮ್ಮ ಪಕ್ಕದ ಜಿಲ್ಲೆಯ ನಾಯಿ ಇರುವಾಗ ಚಳಿ ದೇಶದ ಹಸ್ಕಿ, ಸೇಂಟ್ ಬರ್ನಾರ್ಡ್ ಯಾಕ್ರೀ? ಮುಧೋಳ ನಾಯಿ ತನ್ನಿ. ಚಿಕ್ಕ ಕೂದಲು, ತೆಳು ಮೈ, ಈ ಬಿಸಿಲಲ್ಲೇ ಹುಟ್ಟಿ ಬೆಳೆದ ತಳಿ. ಮುಧೋಳದ ಘೋರ್ಪಡೆ ರಾಜರು ಬೆಳೆಸಿ ಉಳಿಸಿದ್ದು. 2005ರಲ್ಲಿ ಅಂಚೆ ಚೀಟಿ ಮೇಲೆ ಬಂತು. 2020ರಲ್ಲಿ ಪ್ರಧಾನಿ ಮನ್ ಕೀ ಬಾತ್‌ನಲ್ಲಿ ಹೆಸರು ಹೇಳಿದರು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ, ಅಲ್ಲಿ ವಿಚಾರಿಸಿ.

ಕುಂದಾ ಪ್ರೇಮಿ
ಶುರುವಾಯಿತು ನೋಡಿ. ಯಾವ ಚರ್ಚೆ ಇದ್ದರೂ ಕೊನೆಗೆ ಮುಧೋಳಕ್ಕೇ ಬರುತ್ತದೆ.

ಮುಧೋಳದ ಅಳಿಯ
ಅದಕ್ಕೆ ತಾಕತ್ತಿದೆ, ಬರುತ್ತದೆ. 😄

ದನದ ಡಾಕ್ಟ್ರು
ಅಳಿಯಂದಿರೇ, ತಳಿ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ಇವರು ಮೊದಲ ಸಲ ಸಾಕುವವರು, ಪೇಟೆಯ ಮನೆ. ಮುಧೋಳ ಕಣ್ಣಿನಿಂದ ಬೇಟೆ ಆಡುವ ನಾಯಿ. ದೂರದಲ್ಲಿ ಬೆಕ್ಕಿನ ಬಾಲ ಅಲ್ಲಾಡಿದರೂ ಬಾಣ ಬಿಟ್ಟ ಹಾಗೆ ಹೋಗುತ್ತದೆ. ನಿಮ್ಮ ಕೂಗು ಆಗ ಅದರ ಕಿವಿಗೆ ಬೀಳಲ್ಲ. ಬೇಲಿ ಹಾಕಿದ ಹೊಲ ಇದ್ದರೆ ಚಿನ್ನದಂಥ ನಾಯಿ. ಹಗ್ಗ ಕಟ್ಟಿ ರಸ್ತೆಯಲ್ಲಿ ನಡೆಸಿದರಷ್ಟೇ ಅದಕ್ಕೆ ಸಾಲದು, ಬಿಚ್ಚಿ ಓಡಿಸಲು ಜಾಗ ಬೇಕು. ಅಪರಿಚಿತರು ಮೈ ಮುಟ್ಟಿದರೂ ಅದಕ್ಕೆ ಆಗಿಬರಲ್ಲ.

ಇನ್ನೊಂದು. ಎದೆ ಆಳ ಇರುವ ನಾಯಿಗಳನ್ನು ಊಟ ಆದ ಕೂಡಲೇ ಓಡಿಸಬೇಡಿ. ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇಂಥ ನಾಯಿಗಳಿಗೆ ಜಾಸ್ತಿ. ತಿರುಚಿಕೊಂಡರೆ ಗಂಟೆಗಳಲ್ಲಿ ಜೀವ ಹೋಗಬಹುದು. ಮನುಷ್ಯರಿಗೆ ಊಟದ ನಂತರದ ಸಣ್ಣ ನಡಿಗೆ ಶುಗರ್‌ಗೆ ಒಳ್ಳೇದು, ನಿಜ. ಅದನ್ನು ನೀವು ಒಬ್ಬರೇ ಮಾಡಿ.

ಬಾದಾಮಿ ಬೀಗರು
ಮುಧೋಳ ಸಾಕಿದರೆ ಇನ್ನೊಂದು ತೊಂದರೆ ಇದೆ. ಪಕ್ಕೆಲುಬು ಕಾಣುತ್ತಿರುತ್ತವೆ. ರಸ್ತೆಯಲ್ಲಿ ಸಿಕ್ಕವರೆಲ್ಲ "ಊಟ ಹಾಕೋದಿಲ್ಲೇನ್ರೀ ಪಾಪ" ಅಂತ ನಿಲ್ಲಿಸಿ ಕೇಳುತ್ತಾರೆ. ನಮ್ಮ ಅತ್ತೆ ರೊಟ್ಟಿ ಕಟ್ಟಿಕೊಂಡೇ ಬಂದರು.

ನವನಗರದ ನಡಿಗೆ
ನೀವೆಲ್ಲ ಸಾಕಿದ ನಾಯಿ ಬಗ್ಗೆ ಮಾತಾಡುತ್ತಿದ್ದೀರಿ. ಬೀದಿ ನಾಯಿ ಬಗ್ಗೆ ಯಾರು ಮಾತಾಡುವವರು? ನಮ್ಮ ನವನಗರದ ರಸ್ತೆಗಳು ಅಗಲ, ಆಲಮಟ್ಟಿ ಹಿನ್ನೀರಿನ ಮುಳುಗಡೆ ಜನರಿಗೆ ಅಂತ ಯೋಜನೆ ಹಾಕಿ ಕಟ್ಟಿದ ಊರು. ನಡೆಯೋಕೆ ಇಂಥ ಜಾಗ ಸಿಗಲ್ಲ. ಆದರೆ ಸಾಕಿದ ನಾಯಿ ಹಿಡಿದು ಒಂದು ಸೆಕ್ಟರ್ ದಾಟಿದರೆ ಸಾಕು, ಆ ಕಡೆಯ ಗುಂಪು ಎದ್ದು ನಿಲ್ಲುತ್ತದೆ. ನನ್ನ ತಮ್ಮ ತನ್ನ ಪಗ್ ಎತ್ತಿಕೊಂಡು ಓಡಿದ್ದ. ಹೃದಯಕ್ಕೆ ಒಳ್ಳೆ ವ್ಯಾಯಾಮವೇ ಆಯಿತು ಅನ್ನಿ.

ಬಿಳಿಜೋಳ
ನಾನೂ ನವನಗರದವನೇ. ದಿನಾ ಒಂದೇ ದಾರಿ, ಒಂದೇ ಹೊತ್ತು ಇಟ್ಟುಕೊಳ್ಳಿ. ಆ ನಾಯಿಗಳಿಗೂ ಗುರುತು ಆಗುತ್ತದೆ. ಎದುರು ಬಂದರೆ ಓಡಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ನಿಧಾನಕ್ಕೆ ದಾರಿ ಬದಲಿಸಿ.

ಲೆಕ್ಕದ ಮೇಷ್ಟ್ರು
ಗುರುತು ಆಗುವ ತನಕ ಏನು ಮಾಡೋದು?

ಬಿಳಿಜೋಳ
ಕೈಯಲ್ಲಿ ಕೋಲು. ಹೊಡೆಯೋಕಲ್ಲ, ನೆಲಕ್ಕೆ ಕುಟ್ಟೋಕೆ.

ದನದ ಡಾಕ್ಟ್ರು
ಕಚ್ಚಿದರೆ ಅಥವಾ ಪರಚಿದರೆ, ರಕ್ತ ಬರದಿದ್ದರೂ ಸರಿ: ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರ ಏನೂ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಇಂಜೆಕ್ಷನ್ ಅರ್ಧಕ್ಕೆ ಬಿಡಬೇಡಿ. ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡ ಮೇಲೆ ಉಳಿಯೋದು ಇಲ್ಲವೇ ಇಲ್ಲ ಅನ್ನಬಹುದು. ನಿಮ್ಮ ನಾಯಿಗೂ ವರ್ಷ ವರ್ಷ ರೇಬೀಸ್ ಲಸಿಕೆ ತಪ್ಪಿಸಬೇಡಿ. ಮರಿಯಾಗಿದ್ದರೆ ಪಾರ್ವೋ (ಮರಿಗಳ ಜೀವ ತೆಗೆಯುವ ವಾಂತಿ ಭೇದಿ ರೋಗ) ಲಸಿಕೆಗಳು ಮುಗಿಯುವ ತನಕ ರಸ್ತೆಗೆ ಇಳಿಸಬೇಡಿ. ವರ್ಷ ತುಂಬುವ ತನಕ ಮೈಲಿಗಟ್ಟಲೆ ಓಡಿಸಲೂ ಬೇಡಿ, ಎಲುಬು ಇನ್ನೂ ಎಳೆಯದಾಗಿರುತ್ತದೆ.

ಹಾಂ, ಪಗ್. ಚಪ್ಪಟೆ ಮೂಗಿನ ನಾಯಿ ನಮ್ಮ ಸೀಮೆಯ ಬೇಸಿಗೆಗೆ ಅಲ್ಲವೇ ಅಲ್ಲ. ನವನಗರದ ನಡಿಗೆ ಅವರ ತಮ್ಮ ಎತ್ತಿಕೊಂಡು ಓಡಿದ್ದು ಒಳ್ಳೇದೇ ಆಯಿತು, ಅದೇ ಓಡಿದ್ದರೆ ಉಸಿರು ಸಿಗುತ್ತಿರಲಿಲ್ಲ.

ಮೊಣಕಾಲು ಸಂಘದ ಸದಸ್ಯೆ
ಗುಮ್ಮಟದ ನೆರಳು ಅವರೇ, ನಿಮ್ಮ ವಯಸ್ಸು ಬರೆದಿಲ್ಲ. ನನ್ನ ಅಕ್ಕನಿಗೆ ಅರವತ್ತು ದಾಟಿದೆ. ಹಗ್ಗದ ತುದಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು ಹೋಗುತ್ತಿದ್ದಳು. ಎದುರು ಮನೆ ಕಾಂಪೌಂಡ್ ಮೇಲೆ ಮಂಗ ಕೂತಿತ್ತು. ನಾಯಿ ಹಾರಿತು, ಅಕ್ಕ ಬಿದ್ದಳು. ಮಣಿಕಟ್ಟಿನ ಎಲುಬು ಮುರಿದು ಪ್ಲಾಸ್ಟರ್. ನಾಯಿಗೆ ಏನೂ ಆಗಲಿಲ್ಲ, ಮಂಗಕ್ಕೂ ಆಗಲಿಲ್ಲ.

ಲೆಕ್ಕದ ಮೇಷ್ಟ್ರು
ಇದು ಬರೀ ನಿಮ್ಮ ಅಕ್ಕನ ಕಥೆ ಅಲ್ಲ. ನಾಯಿ ನಡೆಸುವಾಗ ಬಿದ್ದು ಎಲುಬು ಮುರಿದುಕೊಂಡ 65 ದಾಟಿದವರ ಲೆಕ್ಕ ಅಮೆರಿಕದಲ್ಲಿ ತೆಗೆದಿದ್ದಾರೆ. 2004ರಿಂದ 2017ರ ಒಳಗೆ ಅದು ಎರಡು ಪಟ್ಟಿಗೂ ಜಾಸ್ತಿ ಆಗಿತ್ತು. ಲಾಭದ ಅಂಕಿ ಎಲ್ಲರೂ ಫಾರ್ವರ್ಡ್ ಮಾಡುತ್ತಾರೆ, ಇದನ್ನು ಯಾರೂ ಮಾಡಲ್ಲ.

ಸೈಕಲ್ ಸವದತ್ತಿ
ಹಗ್ಗವನ್ನು ಸೈಕಲ್‌ಗೆ ಕಟ್ಟಿದರೆ ಕೈಗೆ ಏಟು ಬೀಳಲ್ಲ. ನಾಯಿಗೂ ಒಳ್ಳೆ ಓಟ.

ದನದ ಡಾಕ್ಟ್ರು
ದಯವಿಟ್ಟು ಬೇಡ. ಅದು ನಿಮ್ಮ ವೇಗಕ್ಕೆ ಓಡಬೇಕು, ಅದರ ವೇಗಕ್ಕೆ ನೀವಲ್ಲ. ನಿಲ್ಲಬೇಕು ಅನಿಸಿದರೂ ನಿಲ್ಲೋಕಾಗಲ್ಲ. ಬೆಕ್ಕು ಅಡ್ಡ ಬಂದರೆ ಇಬ್ಬರೂ ಗಟಾರದಲ್ಲಿ.

ತಿಕೋಟಾ ಮನೂಕ
ನಾನೊಂದು ವಿಷಯ ಹೇಳಲೇಬೇಕು, ನಮ್ಮ ಜಿಲ್ಲೆಯವರಿಗೇ ಇದು ಗೊತ್ತಿರಲ್ಲ. ನಮ್ಮದು ದ್ರಾಕ್ಷಿ ತೋಟ. ಬೆಳಿಗ್ಗೆ ನಾಯಿ ಜೊತೆ ತೋಟದ ಸಾಲು ಸುತ್ತೋದೇ ನನ್ನ ವಾಕಿಂಗ್. ಮಣ್ಣು ಮೆತ್ತಗೆ, ಚಪ್ಪರದ ನೆರಳು, ಡಾಂಬರ್ ಕಾಟ ಇಲ್ಲ. ಆದರೆ ದ್ರಾಕ್ಷಿ ನಾಯಿಗೆ ವಿಷ. ಮನೂಕ, ಅಂದರೆ ಒಣದ್ರಾಕ್ಷಿ, ಇನ್ನೂ ಕೆಟ್ಟದ್ದು.

ಒಣಗಿಸುವ ಶೆಡ್ಡಿನಲ್ಲಿ ಬಲೆಯ ಅಂತಸ್ತಿನ ಕೆಳಗೆ ಕಾಳು ಉದುರಿರುತ್ತವೆ. ನಮ್ಮ ನಾಯಿ ಅಲ್ಲಿ ನುಸುಳಿ ನೆಕ್ಕಿ ಬಂದಿತ್ತು. ಸಂಜೆಗೆ ವಾಂತಿ ಶುರು. ಮರುದಿನ ಉಚ್ಚೆಯೇ ಇಲ್ಲ. ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂತ ಡಾಕ್ಟರ್ ದಿನಗಟ್ಟಲೆ ಸಲೈನ್ ಹಾಕಿದರು. ಉಳಿಯಿತು. ಈಗ ಹಂಗಾಮಿನಲ್ಲಿ ಶೆಡ್ ಬಾಗಿಲಿಗೆ ಅಡ್ಡ ಜಾಲರಿ ಹಾಕಿದ್ದೇವೆ.

ಕುಂದಾ ಪ್ರೇಮಿ
ಅಯ್ಯೋ! ನಾವು ಪಾಯಸದಲ್ಲಿನ ದ್ರಾಕ್ಷಿ ಆರಿಸಿ ನಾಯಿಗೆ ಹಾಕುವವರನ್ನು ನೋಡಿದ್ದೇವೆ. ಎಷ್ಟು ತಿಂದರೆ ಅಪಾಯ?

ದನದ ಡಾಕ್ಟ್ರು
ಇಷ್ಟೇ ಅಂತ ಹೇಳೋಕೆ ಬರಲ್ಲ. ಒಂದು ನಾಯಿ ಹಿಡಿ ತಿಂದೂ ಆರಾಮ ಇರುತ್ತದೆ, ಇನ್ನೊಂದಕ್ಕೆ ನಾಲ್ಕು ಕಾಳೇ ಸಾಕು. ದ್ರಾಕ್ಷಿಯಲ್ಲಿನ ಟಾರ್ಟಾರಿಕ್ ಆಮ್ಲವೇ ಕಾರಣ ಅನ್ನೋದು ಈಗಿನ ತಿಳಿವಳಿಕೆ. ಅದು ಹುಣಸೆಯಲ್ಲೂ ಇದೆ. ಹಾಗಾಗಿ ಅನ್ನಕ್ಕೆ ಸಾರು ಕಲಸಿ ಹಾಕೋದೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ಹೇಗೂ ಬೇಡವೇ ಬೇಡ. ತಿಂದದ್ದು ಕಂಡರೆ ವಾಂತಿಗೆ ಕಾಯದೆ ಕೂಡಲೇ ಕರೆತನ್ನಿ.

ಬಿಳಿಜೋಳ
ಬೆಳಗಿನ ಬಿಸಿಲಿನ ವಿಟಮಿನ್ ಡಿ ಯಾರೂ ಹೇಳಲೇ ಇಲ್ಲ. ಅದೂ ದೊಡ್ಡ ಲಾಭ ಅಲ್ವಾ?

ಲೆಕ್ಕದ ಮೇಷ್ಟ್ರು
ಆರು ಗಂಟೆಯ ಬಿಸಿಲಲ್ಲಿ ವಿಟಮಿನ್ ಡಿ ಹುಟ್ಟೋದು ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೆ ಬೇಕಾದ ಕಿರಣ ಸೂರ್ಯ ಮೇಲೆ ಬಂದಾಗಲೇ ಜಾಸ್ತಿ. ಆ ಹೊತ್ತಿಗೆ ನಾಯಿ ಮನೆಯಲ್ಲಿರಬೇಕು ಅಂತ ಡಾಕ್ಟ್ರು ಆಗಲೇ ಹೇಳಿದ್ದಾರೆ. ಬೆಳಗಿನ ಬೆಳಕಿನಿಂದ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ, ಅದನ್ನು ಒಪ್ಪುತ್ತೇನೆ.

ಬಿಳಿಜೋಳ
ಅಂತೂ ಒಂದನ್ನಾದರೂ ಒಪ್ಪಿದಿರಿ!

ಗುಮ್ಮಟದ ನೆರಳು
ಇಷ್ಟೊಂದು ಉತ್ತರ! ಎಲ್ಲರಿಗೂ ಧನ್ಯವಾದ. ವಯಸ್ಸು ನಲವತ್ತೆಂಟು, ಮೊಣಕಾಲು ಸದ್ಯಕ್ಕೆ ಗಟ್ಟಿ ಇದೆ. ಗೋಳಗುಮ್ಮಟದ ತೋಟಕ್ಕೆ ನಾಯಿ ಬಿಡುತ್ತಾರಾ? ನಾನು ನಡೆಯೋದು ಅಲ್ಲೇ.

ಬಾರಾ ಕಮಾನ್ ಬದಿ
ಇಲ್ಲ. ಪುರಾತತ್ವ ಇಲಾಖೆಯ ಸ್ಮಾರಕದ ಒಳಗೆ ಸಾಕುಪ್ರಾಣಿ ತರುವ ಹಾಗಿಲ್ಲ, ಇಬ್ರಾಹಿಂ ರೋಜಾದಲ್ಲೂ ಅದೇ ನಿಯಮ. ನಾನು ಭೂತನಾಳ ಕೆರೆ ಕಡೆ ಹೋಗುತ್ತೇನೆ. ಮಣ್ಣಿನ ದಾರಿ, ಗಿಡಮರ ಇವೆ. ಆದರೆ ಮಳೆಗಾಲ ಮುಗಿದ ಮೇಲೆ ಹುಲ್ಲಲ್ಲಿ ಉಣ್ಣಿ ವಿಪರೀತ. ಮನೆಗೆ ಬಂದ ಕೂಡಲೇ ಬೆರಳ ಸಂದು, ಕಿವಿ ಒಳಗೆ, ಕೊರಳ ಪಟ್ಟಿ ಕೆಳಗೆ ಕೈಯಾಡಿಸಿ ನೋಡಿ. ಉಣ್ಣಿ ಜ್ವರ ಬಂದರೆ ಪ್ಲೇಟ್‌ಲೆಟ್ ಇಳಿದು ಮೂಗಲ್ಲಿ ರಕ್ತ ಬರಬಹುದು. ನಮ್ಮದಕ್ಕೆ ಬಂದಿತ್ತು.

ಕುಂದಾ ಪ್ರೇಮಿ
ನಮ್ಮ ಬೆಳಗಾವಿಯಲ್ಲಿ ಉಣ್ಣಿಗಿಂತ ಮಳೆಯದ್ದೇ ಕಾಟ. ಜುಲೈನಲ್ಲಿ ಬಿಡುವೇ ಇಲ್ಲದೆ ಸುರಿಯುತ್ತದೆ. ನಾಯಿಗೆ ಅದೆಲ್ಲ ಲೆಕ್ಕಕ್ಕಿಲ್ಲ, ಹೊರಗೆ ಹೋಗಲೇಬೇಕು. ಪಕ್ಕದ ಮನೆಯವರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹಗ್ಗ ಹಿಡಿದು ನಿಂತಿರುವುದನ್ನು ನೋಡಿದರೆ ಆರೋಗ್ಯಕ್ಕಿಂತ ತಪಸ್ಸು ಅನಿಸುತ್ತದೆ. ನಿಂತ ನೀರಲ್ಲಿ ನಾಯಿ ಆಡಿದರೆ ಇಲಿ ಜ್ವರ ಬರುತ್ತದೆ ಅಂತಾರಲ್ಲ, ನಿಜವಾ ಡಾಕ್ಟ್ರೇ?

ದನದ ಡಾಕ್ಟ್ರು
ನಿಜ. ಇಲಿ ಉಚ್ಚೆ ಸೇರಿದ ನೀರಿನಿಂದ ಬರುತ್ತದೆ. ನಾಯಿಯಿಂದ ಮನುಷ್ಯರಿಗೂ ಬರಬಹುದು. ನಾಯಿಗೆ ಅದರ ಲಸಿಕೆ ಇದೆ, ಕೇಳಿ ಹಾಕಿಸಿ.

ಗುಮ್ಮಟದ ನೆರಳಿನ ಗಂಡ
ನಮಸ್ಕಾರ. ಈ ಚರ್ಚೆಯಲ್ಲಿ ನನ್ನ ವಿಷಯ ಬಂದಿರುವುದರಿಂದ ಖಾತೆ ತೆರೆಯಬೇಕಾಯಿತು. ನಾನು ಕಲ್ಲು ಮನಸ್ಸಿನವನಲ್ಲ. ಎರಡೇ ಪ್ರಶ್ನೆ. ಬೇಸಿಗೆ ರಜೆಗೆ ಊರಿಗೆ ಹೋದರೆ ನಾಯಿ ಎಲ್ಲಿ? ವಾಕಿಂಗ್‌ನಲ್ಲಿ ಅದು ಮಾಡುವ ಗಲೀಜು ಎತ್ತುವವರು ಯಾರು? ಎರಡನೇದಕ್ಕೆ ಇಲ್ಲಿ ಒಬ್ಬರೂ ಉತ್ತರ ಕೊಟ್ಟಿಲ್ಲ.

ನವನಗರದ ನಡಿಗೆ
ಸರ್, ನಿಮಗೆ ನನ್ನ ಪೂರ್ತಿ ಬೆಂಬಲ. ನಮ್ಮ ಗೇಟಿನ ಮುಂದೆ ದಿನಾ ಒಬ್ಬರು ನಾಯಿ ಕೂರಿಸಿ ಆಕಾಶ ನೋಡುತ್ತಾ ನಿಲ್ಲುತ್ತಾರೆ.

ಬಿಳಿಜೋಳ
ಜೇಬಲ್ಲಿ ಹಳೇ ಪೇಪರ್, ಒಂದು ಚೀಲ. ಎತ್ತಿ ಕಸದ ಡಬ್ಬಿಗೆ ಹಾಕೋದು. ಬಗ್ಗಿ ಏಳೋದೂ ವ್ಯಾಯಾಮವೇ ಸರ್.

ತಿಕೋಟಾ ಮನೂಕ
ಮೇಡಂ, ಒಂದು ಮಾತು. ನಾಯಿ ಹತ್ತು ಹನ್ನೆರಡು ವರ್ಷ ಬದುಕುವ ಜೀವ. ನಿಮ್ಮ ಶುಗರ್ ರಿಪೋರ್ಟ್ ಸುಧಾರಿಸಿದ ಮೇಲೂ ಅದು ಇರುತ್ತದೆ, ಮಗ ಕಾಲೇಜಿಗೆ ಬೇರೆ ಊರಿಗೆ ಹೋದ ಮೇಲೂ ಇರುತ್ತದೆ. ಮೊದಲು ಪರಿಚಯದವರ ನಾಯಿಯನ್ನು ಈ ಬೇಸಿಗೆ ಪೂರ್ತಿ ನಡೆಸಿ ನೋಡಿ. ನಮ್ಮಲ್ಲಿ ದನವನ್ನೂ ಒಂದು ವಾರ ಕಟ್ಟಿ ನೋಡಿಯೇ ಕೊಳ್ಳೋದು.

ಗುಮ್ಮಟದ ನೆರಳು
ಇದು ಚೆನ್ನಾಗಿದೆ. ಹಿಂದಿನ ಓಣಿಯಲ್ಲಿ ರಿಟೈರ್ ಆದ ಮೇಷ್ಟ್ರೊಬ್ಬರ ಮನೆಯಲ್ಲಿ ನಾಟಿ ನಾಯಿ ಇದೆ, ಅವರಿಗೆ ಈಗ ನಡೆಯೋಕಾಗಲ್ಲ. ಕೇಳಿದೆ, ಖುಷಿಯಿಂದ ಒಪ್ಪಿದರು. ಸೋಮವಾರದಿಂದ ಬೆಳಿಗ್ಗೆ ಐದೂವರೆಗೆ. ಮಗ ಬಗ್ಗಿ ಎತ್ತುವ ಖಾತೆ ವಹಿಸಿಕೊಂಡಿದ್ದಾನೆ. ನಮ್ಮವರು "ನೋಡೋಣ" ಅಂದರು. ನಮ್ಮ ಮನೆಯಲ್ಲಿ ಅದು ಅರ್ಧ ಒಪ್ಪಿಗೆ.

ದನದ ಡಾಕ್ಟ್ರು
ಒಳ್ಳೇದು. ಮೊದಲು ಅದರ ಲಸಿಕೆ ಪುಸ್ತಕ ನೋಡಿ. ಕೊರಳ ಪಟ್ಟಿಗಿಂತ ಎದೆಗೆ ಹಾಕುವ ಪಟ್ಟಿ ವಾಸಿ. ಹಗ್ಗ ಮಣಿಕಟ್ಟಿಗೆ ಸುತ್ತಬೇಡಿ.

ಲೆಕ್ಕದ ಮೇಷ್ಟ್ರು
ಶುರು ಮಾಡುವ ಮೊದಲು ಒಂದು ಎಚ್‌ಬಿಎಒನ್‌ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ), ಮೂರು ತಿಂಗಳಿಗೆ ಇನ್ನೊಂದು ಮಾಡಿಸಿ. ಫಲಿತಾಂಶ ಇಲ್ಲಿ ಹಾಕಿ, ನೋಡೋಣ ನಾಯಿ ಏನು ಮಾಡಿತು ಅಂತ.

ಬಿಳಿಜೋಳ
ಒಬ್ಬರ ಲೆಕ್ಕದಿಂದ ಏನೂ ಸಾಬೀತಾಗಲ್ಲ ಅಂತ ನನಗೆ ಪಾಠ ಹೇಳಿದವರು ಯಾರು ಮೇಷ್ಟ್ರೇ?